ಒಂದೇ ಬಾಟಲಿ, ಎರಡು ಚಮಚ

ಫೆಬ್ರವರಿ ೩

ಅಪ್ಪ,

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮ್ಮ ಹತ್ತಿರ ಮಾತಾಡಿದರೆ, ಕೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಉತ್ತರ ಸಿಗುತ್ತದೆ. ಕಾಗದಕ್ಕೆ ನೀವು ಅಡ್ಡಬಾಯಿ ಹಾಕುವಂತಿಲ್ಲ.

ಸ್ವಲ್ಪ ಕಾಲದಿಂದ ಅಂಗಡಿಯ ಮೆಟ್ಟಿಲು ಹತ್ತಿದರೆ ಏದುಸಿರು. ಕನ್ನಡಕದ ಗಾಜು ಉಜ್ಜುವವಳಿಗೆ ಉಸಿರಿನ ಖರ್ಚು ಕಡಿಮೆ, ಹಾಗಾಗಿ ತಡವಾಗಿ ಗೊತ್ತಾಯಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದರು. ಎಳವೆಯಲ್ಲಿ ಬಂದ ಗಂಟಲು ಜ್ವರಕ್ಕೆ ತಕ್ಕ ಔಷಧ ಪೂರ್ತಿ ಬೀಳದಿದ್ದರೆ ಹೀಗಾಗುವುದುಂಟಂತೆ. ಅಂಥ ಜ್ವರ ಮತ್ತೆ ಬಂದರೆ ಕವಾಟ ಇನ್ನೂ ಕೆಡುತ್ತದೆ. ಬಾರದಂತೆ ತಡೆಯಲು ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ.

ನಾನು ರೂಢಿಯಂತೆ, ನಮ್ಮ ಮನೆಯವರಿಗೆ ಅದು ಆಗಿಬರುವುದಿಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಅಲರ್ಜಿ ಮನೆಗೆ ಇರಲ್ಲಮ್ಮ, ಮನುಷ್ಯರಿಗೆ ಇರುತ್ತೆ. ಯಾರಿಗೆ?"

ನಾವು ಅವಳಿಗಳಿಬ್ಬರೂ ಐದು ವರ್ಷದವರಿದ್ದಾಗ ಒಂದೇ ಬಾಟಲಿಯಿಂದ ಒಂದೊಂದು ಚಮಚ ಸಿರಪ್ಪು ಕುಡಿದೆವು. ಒಬ್ಬಳಿಗೆ ಮೈತುಂಬ ದದ್ದು ಎದ್ದು ತುಟಿ ಊದಿತು. ಇನ್ನೊಬ್ಬಳಿಗೆ ಏನೂ ಆಗಲಿಲ್ಲ. ಊದಿದ್ದು ದೊಡ್ಡೂನದೋ, ನನ್ನದೋ? ಅಮ್ಮ ಆ ವಾರ ಅತ್ತೆಯ ಬಾಣಂತನಕ್ಕೆ ಹೋಗಿದ್ದಳು. ಕಣ್ಣಾರೆ ಕಂಡವರು ನೀವೊಬ್ಬರೇ. ದೊಡ್ಡೂನೂ ಇಲ್ಲ, ಅಮ್ಮನೂ ಇಲ್ಲ. ಇನ್ಯಾರನ್ನು ಕೇಳಲಿ?

ನಿಮ್ಮ
ಚಿಕ್ಕು

———

ಫೆಬ್ರವರಿ ೨೧

ಚಿಕ್ಕು,

ನಿನ್ನ ಕಾಗದ ಬಂತು. ಮೆಟ್ಟಿಲು ಹತ್ತುವ ಕೆಲಸ ಇನ್ನೊಬ್ಬರಿಗೆ ಹಚ್ಚು. ನಿನ್ನ ಧಣಿ ಒಪ್ಪದಿದ್ದರೆ ಅವನ ವಿಳಾಸ ಕಳಿಸು, ಒಪ್ಪಿಸುವುದು ನನಗೆ ಬಿಟ್ಟದ್ದು.

ಇಲ್ಲಿ ಲಾಂಡ್ರಿಗೆ ಬಟ್ಟೆ ಒಣಗಿಸುವ ಹೊಸ ಯಂತ್ರ ಬಂದಿದೆ. ಹಳೆಯದು ಕೆಮ್ಮುತ್ತಿತ್ತು, ಇದು ಗುನುಗುತ್ತದೆ. ಬ್ಯಾಂಕಿನ ಮ್ಯಾನೇಜರು ಈಗ ಎಡ ತೋಳು ಮಾತ್ರ ಸವೆದ ಅಂಗಿ ಕೊಡುತ್ತಾನೆ. ಹಗಲೆಲ್ಲ ಕೆನ್ನೆಗೆ ಕೈ ಕೊಟ್ಟು ಕೂರುತ್ತಾನೆಂದು ಅರ್ಥ. ಅವನ ಬ್ಯಾಂಕಿನಲ್ಲಿ ದುಡ್ಡಿಟ್ಟವರಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಒಂದೇ ಒಂದು ಇಸ್ತ್ರಿ ಪೆಟ್ಟಿಗೆಯಿಂದ ಬಾಳು ಶುರು ಮಾಡಿದವನು ನಾನು. ಜನರ ಮುಖಕ್ಕಿಂತ ಅವರ ಕಾಲರು ನಂಬಿ ಬದುಕಿದ್ದೇನೆ, ಮೋಸ ಹೋಗಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಹಳೆಯದೇ. ಊದಿದ್ದು ದೊಡ್ಡೂನ ತುಟಿ. ಅವತ್ತೇ ಡಾಕ್ಟರ ಚೀಟಿಯಲ್ಲಿ ಬರೆಸಿದ್ದೇನೆ. ಉಳಿದ ಸಿರಪ್ಪನ್ನು ಮೋರಿಗೆ ಸುರಿದು ಬಾಟಲಿ ಒಡೆದೆ. ಇಬ್ಬರದೂ ಒಂದೇ ರಕ್ತವಲ್ಲವೆ? ಹಗ್ಗವೋ ಹಾವೋ ಎಂದು ಮುಟ್ಟಿ ನೋಡುವುದು ಬೇಡವೆಂದು ಆಮೇಲೆ ನಿನಗೂ ಆ ಜಾತಿಯ ಔಷಧ ಕೊಡಿಸಲಿಲ್ಲ. ಈಗಲೂ ಬೇಡ. ಬೇರೆ ಮಾತ್ರೆ ಇರುತ್ತದೆ, ಕೇಳಿ ತಗೊ.

ನನ್ನ ಅಂಗಡಿಯಲ್ಲಿ ಇವತ್ತಿನವರೆಗೆ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋದದ್ದಿಲ್ಲ.

ನಿನ್ನ
ಅಪ್ಪ

———

ಮಾರ್ಚ್ ೮

ಅಪ್ಪ,

ಬಟ್ಟೆಯ ವಿಷಯ ನಾನು ಎತ್ತಿರಲಿಲ್ಲ, ನೀವೇ ಎತ್ತಿದಿರಿ.

ಗಿರಾಕಿಗಳ ಬಟ್ಟೆ ಗುರುತಿಸಲು ಕಾಲರಿನ ಒಳಗೆ ಬಣ್ಣದ ಪಟ್ಟಿ ಹೊಲಿಯುತ್ತೀರಲ್ಲ, ನಮ್ಮ ಫ್ರಾಕುಗಳಿಗೂ ಹಾಗೇ ಹೊಲಿದಿರಿ. ದೊಡ್ಡೂಗೆ ಕೆಂಪು, ನನಗೆ ನೀಲಿ. ಅಮ್ಮ ನಡಿಗೆ ನೋಡಿ ನಮ್ಮನ್ನು ಬೇರೆ ಮಾಡುತ್ತಿದ್ದಳು. ನೀವು ಕತ್ತಿನ ಹಿಂದೆ ಬೆರಳು ಹಾಕಿ, ಪಟ್ಟಿ ನೋಡಿ, ಆಮೇಲೆ ಹೆಸರು ಕರೆಯುತ್ತಿದ್ದಿರಿ. ಇದು ನಮಗೆ ಸಿಕ್ಕ ಎಲ್ಲ ಆಟಿಕೆಗಿಂತ ಒಳ್ಳೆಯ ಆಟವಾಗಿತ್ತು. ಅಮ್ಮ ಮನೆಯಲ್ಲಿಲ್ಲದ ದಿನ ಫ್ರಾಕು ಬದಲಿಸಿಕೊಳ್ಳುತ್ತಿದ್ದೆವು. ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡುತ್ತಿದ್ದೆವು. ನಗು ತಡೆದುಕೊಳ್ಳುವುದೇ ಪಂದ್ಯ.

ಆ ದಿನವೂ ಬದಲಿಸಿದ್ದೆವೇ? ನೆನಪಿಲ್ಲ. ಬದಲಿಸಿರಲಿಲ್ಲ ಎಂದೂ ನೆನಪಿಲ್ಲ. ಊದಿದ ತುಟಿ ಕಣ್ಣಿಗೆ ಕಟ್ಟಿದಂತಿದೆ. ತನ್ನ ತುಟಿ ತನಗೆ ಕಾಣುವುದಿಲ್ಲ, ಹಾಗಾಗಿ ಅದು ಅವಳದಿರಬೇಕು. ಆದರೆ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇತ್ತಲ್ಲ? ತೋಳು ತುರಿಸಿದ ಉರಿಯೂ ನೆನಪಿದೆ. ಅದು ನನ್ನ ಉರಿಯೋ, ಅವಳು ಮಲಗಿಕೊಂಡು ಹೇಳಿದ್ದೋ ತಿಳಿಯದು. ಈಗ ಕೆಲಸದ ಮೇಜಿನ ಕನ್ನಡಿಯಲ್ಲಿ ದಿನಾ ಒಂದು ಮುಖ ಕಾಣುತ್ತದೆ. ಹತ್ತೊಂಬತ್ತಕ್ಕೆ ಹೋದವಳಿಗೆ ನನ್ನ ಜೊತೆಯಲ್ಲೇ ವಯಸ್ಸಾಗುತ್ತಿದೆ. ಅವಳಿಗೂ ಕಣ್ಣಿನ ಕೆಳಗೆ ಗೆರೆ ಬಿದ್ದಿದೆ.

ಒಂದೇ ರಕ್ತ ಎಂದಿರಿ. ಡಾಕ್ಟರಮ್ಮನನ್ನು ಕೇಳಿದೆ. ಅವಳಿಗಳಲ್ಲೂ ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೂ ಆಗಬಾರದೆಂದಿಲ್ಲವಂತೆ. ಆಸ್ಪತ್ರೆಯಲ್ಲಿ ಕಣ್ಗಾವಲಿನಲ್ಲಿ ಪರೀಕ್ಷೆ ಮಾಡಬಹುದು. ಅದಕ್ಕೆ ಮೊದಲು ಅವರಿಗೆ ಬೇಕಾದದ್ದು ಆ ದಿನದ ಕಥೆ: ಕುಡಿದ ಎಷ್ಟು ಹೊತ್ತಿಗೆ ದದ್ದು ಎದ್ದಿತು, ಉಸಿರು ಕಟ್ಟಿತೇ, ಪ್ರಜ್ಞೆ ತಪ್ಪಿತೇ, ಎಷ್ಟು ಬೇಗ ಇಳಿಯಿತು. ಪರೀಕ್ಷೆಯನ್ನು ಎಷ್ಟು ಎಚ್ಚರದಿಂದ ಶುರು ಮಾಡಬೇಕೆಂಬುದು ಅದರ ಮೇಲೆ ನಿಂತಿದೆ. ಯಾರಿಗೆ ಎಂಬುದನ್ನು ಬಿಡಿ. ಏನಾಯಿತು ಎಂದಾದರೂ ಬರೆಯಿರಿ.

ಚಿಕ್ಕು

———

ಏಪ್ರಿಲ್ ೧೯

ಚಿಕ್ಕು,

ತಡವಾಯಿತು. ದಸರೆ ಬಟ್ಟೆಗಳ ಕಾಲ ಎಂದು ಬರೆಯೋಣವೆಂದಿದ್ದೆ, ಆದರೆ ಇದು ಆ ಕಾಲ ಅಲ್ಲವೆಂದು ನಿನಗೇ ಗೊತ್ತು.

ಮೂಲೆಯ ಔಷಧದಂಗಡಿಯವನನ್ನು ವಿಚಾರಿಸಿದೆ. ಪೆನಿಸಿಲಿನ್ ಆಗದವರಿಗೆ ದಿನಾ ನುಂಗುವ ಬೇರೆ ಮಾತ್ರೆ ಇದೆ ಎಂದ. ನಿನ್ನ ಡಾಕ್ಟರಿಗೂ ಅದು ಗೊತ್ತಿರಲೇಬೇಕು. ಅದಿರುವಾಗ ಪರೀಕ್ಷೆ ಗಿರೀಕ್ಷೆ ಯಾಕೆ? ಕಲೆ ಹೋಗುತ್ತದೋ ನೋಡೋಣವೆಂದು ರೇಷ್ಮೆಗೆ ಆಸಿಡ್ ಹಾಕುವವರನ್ನು ನಾನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಅಂಗಡಿಯ ವಿಷಯ ಕೇಳು. ಹೊಸ ಯಂತ್ರಕ್ಕೆ ದುಂಡನೆಯ ಗಾಜಿನ ಬಾಗಿಲು. ಒಳಗೆ ಬಟ್ಟೆ ತಿರುಗುವಾಗ ತೋಳೊಂದು ಬಂದು ಗಾಜಿಗೆ ಒತ್ತಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಖಾಲಿ ತೋಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಆ ಕಡೆ ಬೆನ್ನು ಹಾಕಿ ಇಸ್ತ್ರಿ ಮಾಡುವುದು ಅಭ್ಯಾಸವಾಗಿದೆ. ತಗೊಂಡು ಹೋಗದ ಬಟ್ಟೆಗಳ ಸಾಲಿನಲ್ಲಿ ದೊಡ್ಡೂನ ಬೂದು ಕೋಟು ಇದೆ. ಕಾಲೇಜಿಗೆ ಹೊರಡುವ ದಿನ, ಚಳಿ ಶುರುವಾದ ಮೇಲೆ ಒಯ್ಯುತ್ತೇನೆಂದು ಕೊಟ್ಟಿದ್ದಳು. ಕೆಲಸದ ಹೆಂಗಸು ಪ್ರತಿ ವರ್ಷ ಕೇಳುತ್ತಾಳೆ, ಯಜಮಾನ್ರೇ ಇದ್ಯಾರದು, ಕೊಟ್ಟುಬಿಡೋಣವಾ ಅಂತ. ಗಿರಾಕಿ ಬರುತ್ತಾರೆ ಅನ್ನುತ್ತೇನೆ. ಅವಳು ನಕ್ಕು ಕೇಳಿದ್ದು ಒಮ್ಮೆ ಮಾತ್ರ. ಈಗ ಆ ಸಾಲಿನ ದೂಳು ಹೊಡೆಯಲು ಒಬ್ಬಳೇ ಹೋಗುವುದಿಲ್ಲ.

ಆ ಮಾತ್ರೆಯೇ ತಗೊ. ಮಾತು ಕೇಳು.

ಅಪ್ಪ

———

ಮೇ ೧೧

ಅಪ್ಪ,

ನೀವು ಹೇಳಿದ ಮಾತ್ರೆಯನ್ನು ಫೆಬ್ರವರಿಯಿಂದಲೇ ತಗೊಳ್ಳುತ್ತಿದ್ದೇನೆ. ಡಾಕ್ಟರಮ್ಮ ಅವತ್ತೇ ಬರೆದುಕೊಟ್ಟಿದ್ದರು. ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ವಾಂತಿಯಾದ ದಿನ ಔಷಧ ಬಿದ್ದಂತೆಯೋ ಬೀಳದಂತೆಯೋ ತಿಳಿಯದು. ಹೋದ ವಾರ ಗಂಟಲು ಕಟ್ಟಿ ಜ್ವರ ಬಂತು. ಈ ಸಲ ತಪ್ಪಿಸಿಕೊಂಡೆ. ಇನ್ನೊಂದು ಸಲ ಬಂದರೆ ಕವಾಟಕ್ಕೆ ಕತ್ತರಿ ಹಾಕಬೇಕಾಗಬಹುದು ಎಂದಿದ್ದಾರೆ.

ನೀವು ಬಾಯಿಯಲ್ಲಿ ಬಿಸಿತುಪ್ಪದಂತೆ ಇಟ್ಟುಕೊಂಡಿರುವುದನ್ನು ನಾನೇ ಬರೆದುಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ದೊಡ್ಡೂಗೆ ನ್ಯುಮೋನಿಯಾ ಜ್ವರ ಬಂದಾಗ, ಆಸ್ಪತ್ರೆಯ ಕೌಂಟರಿನಲ್ಲಿ ನಿಂತು, ಇವಳಿಗೆ ಆ ಜಾತಿಯ ಔಷಧ ಆಗುವುದಿಲ್ಲ ಎಂದವರು ನೀವು. ಅವರು ಬೇರೆಯದು ಕೊಟ್ಟರು. ಅವಳು ಉಳಿಯಲಿಲ್ಲ. ಆ ದಿನ ಊದಿದ್ದು ನನ್ನ ತುಟಿಯಾಗಿದ್ದರೆ, ಅವಳಿಗೆ ಆಗುತ್ತಿದ್ದ ಔಷಧವನ್ನೇ ನೀವು ಬೇಡವೆಂದಂತಾಯಿತು. ಅದಕ್ಕೇ ಪರೀಕ್ಷೆ ಬೇಡ. ನನಗೆ ಏನಾದರೂ ಆಗುತ್ತದೆಂಬ ಭಯ ಅರ್ಧ. ಏನಾಗುತ್ತದೆಂದು ತಿಳಿದುಬಿಡುತ್ತದೆಂಬ ಭಯ ಇನ್ನರ್ಧ.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತೆ. ಅದು ಪೂರ್ತಿ ನಿಜವಲ್ಲ, ಬಿಟ್ಟೆ.

ಪಕ್ಕದ ಮನೆಯ ಟೀಚರಮ್ಮನಿಗೆ ಹಲ್ಲಿನ ಕೀವಿಗೆ ಅಮಾಕ್ಸಿಸಿಲಿನ್ ಕೊಟ್ಟಿದ್ದರು. ನಮ್ಮ ಸಿರಪ್ಪಿನಲ್ಲಿ ಇದ್ದದ್ದೂ ಅದೇ, ಪೆನಿಸಿಲಿನ್ ಮನೆತನದ್ದೇ. ನೋವು ನಿಂತ ಕೂಡಲೇ ನಿಲ್ಲಿಸಿ, ಮಿಕ್ಕಿದ ಕ್ಯಾಪ್ಸೂಲು ನನ್ನ ಕೈಗಿಟ್ಟಿದ್ದಾರೆ, ಯಾವಾಗಲಾದರೂ ಬೇಕಾಗುತ್ತೆ ಇಟ್ಕೊ ಅಂತ. ನಿಮ್ಮ ಕಾಗದ ಬಾರದಿದ್ದರೆ, ಮುಂದಿನ ಭಾನುವಾರ ರಜೆ ಇದೆ, ಒಂದನ್ನು ನುಂಗಿ ಕನ್ನಡಿಯ ಮುಂದೆ ಕೂತುಬಿಡುತ್ತೇನೆ. ನಾನಾದರೂ ಅವಳಾದರೂ ಹೇಳುತ್ತೇವೆ.

ಚಿಕ್ಕು

———

ಮೇ ೧೪

ಚಿಕ್ಕು,

ಇದನ್ನು ಓದಿ ಮುಗಿಸುವ ಮೊದಲು ಆ ಕ್ಯಾಪ್ಸೂಲು ತೆಗೆದುಕೊಂಡು ಹೋಗಿ ಔಷಧದಂಗಡಿಯವನಿಗೆ ಕೊಡು. ಆಮೇಲೆ ಓದು.

ಆ ಟೀಚರಮ್ಮನಿಗೆ ನನ್ನ ನಮಸ್ಕಾರ ಹೇಳಿ, ತನ್ನ ಔಷಧ ತಾನೇ ಮುಗಿಸಬೇಕಿತ್ತು ಎಂದೂ ಹೇಳು. ಅರ್ಧ ಒಗೆದ ಬಟ್ಟೆಯ ಕೊಳೆ ಗಟ್ಟಿಯಾಗಿ ಕೂರುತ್ತದೆ, ಕೀವಿನ ಲೆಕ್ಕವೂ ಅದೇ ಇರಬೇಕು. ಒಬ್ಬರ ಚೀಟಿಯ ಔಷಧ ಇನ್ನೊಬ್ಬರ ಬಾಯಿಗೆ ಹೋಗಬಾರದು. ಒಬ್ಬಳೇ ಕೋಣೆಯಲ್ಲಿ ಕೂತು ನುಂಗುವವಳಿಗೆ ಗಂಟಲು ಕಟ್ಟಿದರೆ ಕೂಗುವುದು ಯಾರು? ಕನ್ನಡಿಯಲ್ಲಿರುವವಳೇ? ನಾನು ನೋಡಿದ್ದೇನೆ. ನೀನು ಕೇಳಿದ್ದನ್ನು ಬರೆಯುತ್ತೇನೆ, ಡಾಕ್ಟರಮ್ಮನಿಗೆ ತೋರಿಸು.

ಬೆಳಗ್ಗೆ ತಿಂಡಿಯಾದ ಮೇಲೆ ಇಬ್ಬರಿಗೂ ಚಮಚ ಕೊಟ್ಟೆ. ಗಂಟಲು ಜ್ವರಕ್ಕೆ ಬರೆದ ಗುಲಾಬಿ ಬಣ್ಣದ ಸಿರಪ್ಪು. ಅದೇ ಮೊದಲ ಚಮಚ ಅಲ್ಲ, ಎರಡು ದಿನದಿಂದ ಕೊಡುತ್ತಿದ್ದೆ. ನೀವಿಬ್ಬರೂ ಅಂಗಡಿಯ ಹಿಂಭಾಗದಲ್ಲಿ ಹೊದಿಕೆಗಳ ರಾಶಿಯ ಮೇಲೆ ಆಡುತ್ತಿದ್ದಿರಿ. ನಾನು ಒಂದು ಕೋಟು, ಎರಡು ಪ್ಯಾಂಟು ಇಸ್ತ್ರಿ ಮಾಡಿ ಮುಗಿಸುವಷ್ಟರಲ್ಲಿ, ಒಂದು ಗಂಟೆಯೊಳಗೇ ಇರಬೇಕು, ನಗು ನಿಂತಿತು. ಮಕ್ಕಳ ಗದ್ದಲ ನಿಂತರೆ ಏನೋ ಆಗಿದೆ ಎಂದೇ ಅರ್ಥ, ಹೋಗಿ ನೋಡಿದೆ. ಒಬ್ಬಳು ತೋಳು ಕೆರೆದುಕೊಳ್ಳುತ್ತಿದ್ದಳು. ಹೊಟ್ಟೆ, ಬೆನ್ನು, ತೊಡೆ, ಎಲ್ಲ ಕಡೆ ಎದ್ದ ದದ್ದು, ಬಿಸಿನೀರು ಚೆಲ್ಲಿದ ಕಾಗದದ ಹಾಗೆ. ಮೇಲಿನ ತುಟಿ ಊದಿ ಮೂಗಿಗೆ ತಾಗುವಂತಿತ್ತು. ಉಸಿರು ಸರಿಯಿತ್ತು, ಶಿಳ್ಳೆ ಇರಲಿಲ್ಲ. ವಾಂತಿ ಇಲ್ಲ. ಪ್ರಜ್ಞೆ ಇತ್ತು. ಎತ್ತಿಕೊಂಡು ಓಡಿದೆ. ಬೀದಿಯ ತುದಿಯ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಸಂಜೆಗೆ ತುಟಿ ಇಳಿಯಿತು, ದದ್ದು ಮಾರನೆಯ ದಿನ ಹೋಯಿತು.

ಅವರು ಹೆಸರೇನೆಂದು ಕೇಳಿದರು. ನಾನು ಕತ್ತಿನ ಹಿಂದೆ ಬೆರಳು ಹಾಕಿದೆ. ಕೆಂಪು ಪಟ್ಟಿ. ದೊಡ್ಡು ಎಂದೆ.

ಮುಖ ನೋಡಲಿಲ್ಲವೇ ಎಂದು ಕೇಳುತ್ತೀಯ. ಊದಿದ ಮುಖ ಯಾರದ್ದೂ ಅಲ್ಲ. ಇನ್ನೊಬ್ಬಳು ಹಿಂದೆಯೇ ಓಡಿಬಂದು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿದ್ದರೆ ಸಾಕಾಗಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಂತೆ ನೆನಪು. ಸುಮ್ಮನೆ ನಿಲ್ಲು ಎಂದೆ.

ಭಾನುವಾರ ಕನ್ನಡಿಗೆ ಬಟ್ಟೆ ಹೊದಿಸಿ ಕೆಲಸಕ್ಕೆ ಹೋಗು. ರಜೆ ಬೇಡ.

ಅಪ್ಪ

———

ಜೂನ್ ೫

ಅಪ್ಪ,

ಕ್ಯಾಪ್ಸೂಲು ಹಿಂದಿರುಗಿಸಿದೆ. ಔಷಧದಂಗಡಿಯವಳು ಎರಡು ಪ್ರಶ್ನೆ ಕೇಳಿದಳು, ನಾನು ಮೂರು ಸುಳ್ಳು ಹೇಳಿದೆ.

ನಿಮ್ಮ ಕಾಗದವನ್ನು ಡಾಕ್ಟರಮ್ಮ ಎರಡು ಸಲ ಓದಿದರು. "ನಿಮ್ಮ ತಂದೆ ಡಾಕ್ಟರಾಗಿದ್ದರೆ ನನಗೆ ಕೆಲಸ ಇರ್ತಿರಲಿಲ್ಲ" ಎಂದರು. ಹೊಗಳಿಕೆ ಎಂದು ಇಟ್ಟುಕೊಳ್ಳಿ, ಅಂಗಡಿಯಲ್ಲಿ ಹೇಳಿಕೊಂಡು ತಿರುಗಬೇಡಿ. ತುಟಿ ಊದಿದ್ದರಿಂದ ನೇರವಾಗಿ ಕೊಡುವುದಿಲ್ಲ. ಮೊದಲು ಚರ್ಮಕ್ಕೆ ಸಣ್ಣ ಚುಚ್ಚಿನ ಪರೀಕ್ಷೆ, ಅದು ಸುಮ್ಮನಿದ್ದರೆ ಔಷಧದ ಚೂರು, ಕಾದು ನೋಡಿ ಪೂರ್ತಿ. ಪಕ್ಕದಲ್ಲೇ ತುರ್ತು ಔಷಧ ತಯಾರಿರುತ್ತದೆ.

ಇನ್ನೊಂದು ಮಾತು ಹೇಳಿದರು, ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿ. ಈ ಅಲರ್ಜಿ ಹತ್ತು ವರ್ಷ ಕಳೆದರೆ ಬಹಳ ಜನರ ಮೈ ಬಿಟ್ಟು ಹೋಗುತ್ತದಂತೆ. ಅಲ್ಲದೆ ಮಕ್ಕಳಿಗೆ ಜ್ವರದಿಂದಲೇ ದದ್ದು ಏಳುವುದೂ ಉಂಟು, ಅದನ್ನು ಔಷಧದ ತಲೆಗೆ ಕಟ್ಟುತ್ತಾರೆ. ಅಂದರೆ ನನಗೆ ಈಗ ಏನೂ ಆಗದಿದ್ದರೆ, ಅವತ್ತು ಆದದ್ದು ನನಗಲ್ಲ ಎಂದೇನೂ ಸಾಬೀತಾಗುವುದಿಲ್ಲ. ಈಗ ನನಗೆ ಕೊಡಬಹುದು ಎಂದಷ್ಟೇ ತಿಳಿಯುತ್ತದೆ. ದೊಡ್ಡೂನ ಜ್ವರದ ಬಗ್ಗೆಯೂ ಕೇಳಿದೆ. ಆ ಔಷಧ ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಹಳೆಯ ಕಡತ ನೋಡಿದರೂ ಯಾರೂ ಹೇಳಲಾರರು ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ. ಅವರಿಗೆ ಸಮಾಧಾನ ಹೇಳುವ ಅಭ್ಯಾಸವಿಲ್ಲ.

ಪರೀಕ್ಷೆ ಹದಿನೆಂಟರಂದು. ಜೊತೆಗೆ ಮನೆಯವರೊಬ್ಬರು ಬರಬೇಕು. ಟೀಚರಮ್ಮ ಬರುತ್ತೇನೆಂದಿದ್ದಾರೆ. ನೀವು ಬರುವುದಿಲ್ಲವೆಂದು ಗೊತ್ತು. ದೊಡ್ಡು ಹೋದ ಮೇಲೆ, ಮಣ್ಣು ಮಾಡಿದ ದಿನ ಒಮ್ಮೆ, ಅಮ್ಮ ಹೋದಾಗ ಒಮ್ಮೆ ನಾವು ಎದುರೆದುರು ನಿಂತೆವು. ಎರಡು ಸಲವೂ ನನ್ನ ಕಾಲರಿನ ಹತ್ತಿರ ನೋಡುತ್ತಾ ಮಾತಾಡಿದಿರಿ.

ಚಿಕ್ಕು

———

ಜೂನ್ ೨೨

ಚಿಕ್ಕು,

ಕ್ಷೇಮವಾಗಿ ಬಂದು ಸೇರಿದೆ. ರೈಲಿನಲ್ಲಿ ಎದುರು ಕೂತವನ ಅಂಗಿಗೆ ಎರಡು ಗುಂಡಿ ಬೇರೆ ಬಣ್ಣದವು. ಮಾತಾಡಿಸಿದೆ, ಹೆಂಡತಿ ತವರಿಗೆ ಹೋಗಿದ್ದಾಳಂತೆ. ಹೇಳದೆಯೂ ಗೊತ್ತಿತ್ತು.

ನೀನು ಅಲ್ಲೇ ಇದ್ದೆ, ನಡೆದದ್ದೆಲ್ಲ ನಿನಗೆ ಗೊತ್ತು. ಆದರೆ ನೀನು ಕಣ್ಣು ಮುಚ್ಚಿ ಕೂತಿದ್ದೆ. ನಾನು ನೋಡುತ್ತಿದ್ದೆ. ಹಾಗಾಗಿ ಬರೆಯುತ್ತೇನೆ.

ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಕಂಡು ನೀನು ಟೀಚರಮ್ಮನ ಕಡೆ ತಿರುಗಿದೆ, ಆಕೆ ಕಿಟಕಿ ನೋಡತೊಡಗಿದಳು. ನಾನೇ ಆಕೆಗೆ ಬರೆದಿದ್ದೆ, ನಾನು ಬಂದ ಮೇಲೆ ನೀವು ಮನೆಗೆ ಹೋಗಬಹುದು ಎಂದು. ಕ್ಯಾಪ್ಸೂಲಿನ ವಿಷಯಕ್ಕೆ ಎರಡು ಮಾತು ಬೈದದ್ದೂ ಆ ಕಾಗದದಲ್ಲೇ. ಒಳ್ಳೆಯ ಹೆಂಗಸು, ಬೈಸಿಕೊಂಡೂ ಬಂದಿದ್ದಳು.

ನರ್ಸು ಬರೆದುಕೊಳ್ಳುವಾಗ, ಮನೆಯಲ್ಲಿ ಯಾರಿಗಾದರೂ ಈ ಔಷಧ ಅಲರ್ಜಿ ಇದೆಯೇ ಎಂದು ನನ್ನ ಕಡೆ ನೋಡಿದಳು. ಈ ಪ್ರಶ್ನೆಗೆ ಎಷ್ಟು ಕೌಂಟರುಗಳಲ್ಲಿ ಥಟ್ಟನೆ ಉತ್ತರ ಕೊಟ್ಟಿದ್ದೇನೆ.

"ಇಬ್ಬರು ಹೆಣ್ಣುಮಕ್ಕಳು. ಒಬ್ಬಳಿಗಿತ್ತು" ಎಂದೆ.

"ಯಾರಿಗೆ?"

"ಗೊತ್ತಿಲ್ಲಮ್ಮ."

ಅವಳು ಹಾಗೇ ಬರೆದುಕೊಂಡಳು. ಆಕಾಶ ಕಳಚಿ ಬೀಳಲಿಲ್ಲ. ಗೊತ್ತಿಲ್ಲ ಎಂದು ಬರೆಯಲು ಅವಳ ಕಾಗದದಲ್ಲಿ ಮೊದಲಿಂದಲೂ ಒಂದು ಜಾಗ ಇತ್ತು.

ತೋಳಿಗೆ ಚುಚ್ಚಿದರು, ಏನೂ ಏಳಲಿಲ್ಲ. ಚೂರು ಕೊಟ್ಟರು. ಆಮೇಲೆ ಪೂರ್ತಿ ಕೊಟ್ಟರು. ನರ್ಸು ನನ್ನ ಕುರ್ಚಿಯನ್ನು ನಿನ್ನ ಎದುರಿಗೆ ತಿರುಗಿಸಿ, ತಾನು ಆಗಾಗ ಬಂದು ನೋಡುತ್ತೇನೆ, ನಡುವೆ ತುಟಿ, ಕಣ್ಣಿನ ರೆಪ್ಪೆ, ಕತ್ತು ಇಷ್ಟರ ಮೇಲೆ ನಿಗಾ ಇಡಿ, ಸ್ವಲ್ಪ ಬದಲಾದರೂ ಕೂಗಿ ಎಂದಳು. ಇದಕ್ಕೆ ಬೇರೆ ಯಾರನ್ನಾದರೂ ಇಡಿ ಎಂಬ ಮಾತು ಬಾಯಿವರೆಗೆ ಬಂತು. ಅಷ್ಟರಲ್ಲಿ ಅವಳು ಮುಂದಿನ ಮಂಚಕ್ಕೆ ಹೋಗಿಯಾಗಿತ್ತು. ನೀನು ಕಣ್ಣು ಮುಚ್ಚಿದೆ. ನನಗಾಗಿಯೇ ಮುಚ್ಚಿದೆ ಎಂದು ಆಮೇಲೆ ಹೊಳೆಯಿತು.

ನೋಡಿದೆ. ಮೊದಲು ತುಟಿ ಮಾತ್ರ, ಕಲೆ ಹುಡುಕುವವನ ಹಾಗೆ. ಊದುತ್ತಿದೆಯೇ ಎಂದು ನೋಡುತ್ತಿದ್ದರೆ ಎಂಥ ತುಟಿಯೂ ಊದಿದಂತೆಯೇ ಕಾಣುತ್ತದೆ. ಎರಡು ಸಲ ಕೂಗಲು ಎದ್ದೆ, ಕೂತೆ. ಎಡ ಹುಬ್ಬಿನಲ್ಲಿ ಗಾಜಿನ ಚೂರು ಸಿಡಿದ ಗೆರೆ ಇದೆ, ಯಾವಾಗ ಆಯಿತೋ ನೀನು ಹೇಳಿಲ್ಲ. ಮೂಗಿನ ಮೇಲೆ ಕನ್ನಡಕದ ಗುಳಿ. ಕೆಳತುಟಿಯನ್ನು ಒಳಗಿಂದ ಕಚ್ಚುವ ಚಟ ಇದೆ ನಿನಗೆ, ನಿಮ್ಮಮ್ಮನದು. ಕಿವಿಯ ಹತ್ತಿರ ಆಗಲೇ ನರೆ. ಒಂದು ಗಂಟೆ ಕಳೆದ ಮೇಲೆ ಡಾಕ್ಟರಮ್ಮ ಬಂದು, ಇನ್ನು ಮೇಲೆ ಈ ಔಷಧ ಕೊಡಬಹುದು, ಮೊದಲ ಇಂಜೆಕ್ಷನ್ ನಾಳೆ, ಕೊಟ್ಟಾಗಲೆಲ್ಲ ಅರ್ಧ ಗಂಟೆ ಇಲ್ಲೇ ಕೂರಬೇಕು ಎಂದರು. ನೀನು ಕಣ್ಣು ತೆರೆದು ನಕ್ಕೆ. ನಾನು ನಗಲಿಲ್ಲ, ನೀನು ಏನಂದುಕೊಂಡೆಯೋ.

ಹೇಳುತ್ತೇನೆ. ಈ ಹನ್ನೊಂದು ವರ್ಷ ನಿನ್ನ ಮುಖ ನೋಡದೆ ಇದ್ದದ್ದು ದೊಡ್ಡು ಅಲ್ಲಿದ್ದಾಳೆ ಎಂದು. ನೋಡಿದರೆ ಕೇಳುತ್ತಾಳೆ ಎಂದು ಹೆದರಿದ್ದೆ, ಇದ್ದಾಳಲ್ಲ ಎಂಬ ಧೈರ್ಯವೂ ಇತ್ತು. ಅವತ್ತು ಇಡೀ ಗಂಟೆ ಹುಡುಕಿದೆ. ಹುಬ್ಬು, ಮೂಗು, ತುಟಿ, ಒಂದನ್ನೂ ಬಿಡಲಿಲ್ಲ. ಎಲ್ಲಾ ನಿನ್ನದೇ. ಅವಳು ಅಲ್ಲಿಲ್ಲ, ಚಿಕ್ಕು.

ಇಂಜೆಕ್ಷನ್ನಿನ ದಿನಗಳನ್ನು ಬರೆದು ಕಳಿಸು. ಎದುರು ಕೂರಲು ಯಾರಾದರೂ ಬೇಕಲ್ಲ.

ನಿನ್ನ
ಅಪ್ಪ